ನಾಲ್ಕನೇ ಮೂಲೆ

ಚಿತ್ರ ಮುಗಿದಿತ್ತು. 150 ಸೆಂಟಿಮೀಟರ್ ಅಗಲ, 180 ಸೆಂಟಿಮೀಟರ್ ಎತ್ತರ, ಹತ್ತಿಯ ಕ್ಯಾನ್ವಾಸ್ ಮೇಲೆ ಅಕ್ರಿಲಿಕ್. ನಾಲ್ಕು ತಿಂಗಳು ಹಿಡಿದಿತ್ತು. ಒಂದು ಗುಂಪು ಪ್ರದರ್ಶನಕ್ಕೆ ಕಳಿಸಬೇಕಿತ್ತು, ಅದಕ್ಕೆ ಇನ್ನೂ ಐದು ವಾರ ಇತ್ತು. ಫೋಟೊ ತೆಗೆಯೋಣ ಅಂತ ಸ್ಟುಡಿಯೋದ ಬಿಳಿ ಗೋಡೆಗೆ ತೂಗು ಹಾಕಿದೆ. ಮೂರು ಮೂಲೆ ಗೋಡೆಗೆ ಕೂತವು. ಕೆಳಗಿನ ಬಲ ಮೂಲೆ ಮಾತ್ರ ಗೋಡೆ ಬಿಟ್ಟು ಮುಂದೆ ಬಂದು ನಿಂತಿತು. ಅದನ್ನು ಒತ್ತಿದರೆ ಎಡಗಡೆಯದು ಎದ್ದಿತು. ಎಡಗಡೆಯದನ್ನು ಒತ್ತಿದರೆ ಮತ್ತೆ ಇದು. ಕುಂಟು ಕಾಲಿನ ಮೇಜಿನ ಹಾಗೆ.

ಮೊದಲು ಗೋಡೆಯನ್ನೇ ಬೈದೆ. ಎದುರು ಗೋಡೆಗೆ ಹಾಕಿದೆ. ಅಲ್ಲೂ ಅದೇ ಕಥೆ.

ಮೊದಲ ದಿನ

ಟೇಪ್ ಹಿಡಿದು ಮೂಲೆಯಿಂದ ಎದುರು ಮೂಲೆಗೆ ಅಳೆದೆ. 234.3 ಸೆಂಟಿಮೀಟರ್. ಇನ್ನೊಂದು ಜೋಡಿ ಮೂಲೆಗಳ ನಡುವೆಯೂ 234.3. ಎರಡೂ ಸಮ! ಬಟ್ಟೆ ಬಿಗಿದ ಮರದ ಚೌಕಟ್ಟು ಸರಿ ಇದೆ ಅಂತ ಅರ್ಧ ಗಂಟೆ ಖುಷಿಪಟ್ಟೆ. ಆಮೇಲೆ ತಲೆಗೆ ಹೊಳೆಯಿತು. ಈ ಅಳತೆ ಹೇಳುವುದು ಮೂಲೆಗಳು ಲಂಬಕೋನದಲ್ಲಿ ಇವೆ ಅನ್ನುವುದನ್ನು ಮಾತ್ರ. ಚೌಕಟ್ಟು ಹಪ್ಪಳದ ಹಾಗೆ ತಿರುಚಿಕೊಂಡಿದ್ದರೂ ಎರಡು ಅಳತೆ ಸಮವಾಗಿಯೇ ಬರಬಹುದು.

ತಿರುಚು ಗೊತ್ತಾಗುವುದು ದಾರದಿಂದ. ಚೌಕಟ್ಟಿನ ಹಿಂಬದಿಯಲ್ಲಿ ಎರಡು ದಾರಗಳನ್ನು ಮೂಲೆಯಿಂದ ಮೂಲೆಗೆ ಬಿಗಿಯಾಗಿ ಎಳೆದು ಕಟ್ಟಬೇಕು. ಚೌಕಟ್ಟು ಸಮತಟ್ಟಾಗಿದ್ದರೆ ನಡುವೆ ಒಂದಕ್ಕೊಂದು ಸುಮ್ನೆ ತಾಕುತ್ತವೆ. ನನ್ನವು ತಾಕಲಿಲ್ಲ, ನಡುವೆ ಬೆರಳು ತೂರುವಷ್ಟು ಜಾಗ. ದಾರಗಳನ್ನು ಮೇಲೆ ಕೆಳಗೆ ಬದಲಿಸಿದೆ. ಈಗ ಒಂದು ಇನ್ನೊಂದನ್ನು ಒತ್ತಿ ಬಗ್ಗಿಸಿತು. ನೆಲ ಸಮ ಇದೆಯೋ ಅಂತ ಮಟ್ಟಗೋಲಿನಲ್ಲಿ ನೋಡಿ, ಚಿತ್ರವನ್ನು ಮಲಗಿಸಿ, ಎದ್ದ ಮೂಲೆಯ ಕೆಳಗೆ ಅಳೆದೆ. 22 ಮಿಲಿಮೀಟರ್.

ಇದನ್ನು ಹಾಗೇ ಕಳಿಸಬಹುದಿತ್ತಾ? ಮೂಲೆಗೆ ಒಂದು ಸ್ಕ್ರೂ ಹಾಕಿ ಗೋಡೆಗೆ ಎಳೆದು ಹಿಡಿಸುವವರೂ ಇದ್ದಾರೆ. ನನಗೆ ಮನಸ್ಸು ಒಪ್ಪಲಿಲ್ಲ. ಸ್ಕ್ರೂ ಬಿಚ್ಚಿದ ದಿನ ಅದು ಮತ್ತೆ ಎದ್ದೇ ಏಳುತ್ತದೆ.

ಪಕ್ಕೆ ನೋಡಲು ಹೋದದ್ದು

ಆ ವಾರ ಎರಡು ಗ್ಯಾಲರಿ ಸುತ್ತಿದೆ. ಚಿತ್ರ ನೋಡುವುದಕ್ಕಲ್ಲ, ಚಿತ್ರಗಳ ಪಕ್ಕೆ ನೋಡುವುದಕ್ಕೆ. ಗೋಡೆಯ ಹತ್ತಿರ ನಿಂತು ಕೆನ್ನೆಯನ್ನು ಗೋಡೆಗೆ ಸಮನಾಗಿ ಹಿಡಿದು ಓರೆಯಾಗಿ ನೋಡಬೇಕು. ಎಷ್ಟೋ ವರ್ಷದಿಂದ ಪ್ರದರ್ಶನಕ್ಕೆ ಹೋಗುತ್ತಿದ್ದೇನೆ, ಹೀಗೆ ನೋಡಿಯೇ ಇರಲಿಲ್ಲ. ಕಾವಲಿಗಿದ್ದವರು ಎರಡು ಸಲ ಹತ್ತಿರ ಬಂದರು. "ಏನು ನೋಡ್ತಾ ಇದ್ದೀರಿ?" ಅಂತ ಕೇಳಿದರು. "ಹಿಂದುಗಡೆ" ಅಂದೆ. "ಗೆರೆ ದಾಟಬೇಡಿ" ಅಂದರು. ನ್ಯಾಯವೇ.

ಮೊದಲು ಕಣ್ಣಿಗೆ ಬಿದ್ದದ್ದು ನೆರಳು. ಸರಿಯಾಗಿ ಕೂತ ಚಿತ್ರದ ಕೆಳಗೆ ನೆರಳು ಒಂದೇ ದಪ್ಪದ ಪಟ್ಟಿಯಾಗಿ ಬೀಳುತ್ತದೆ. ತಿರುಚಿದ ಚಿತ್ರದ ಕೆಳಗೆ ಅದು ಒಂದು ತುದಿಯಲ್ಲಿ ತೆಳ್ಳಗೆ, ಇನ್ನೊಂದು ತುದಿಯಲ್ಲಿ ದಪ್ಪ. ಅಂಥವು ಎರಡು ಸಿಕ್ಕವು. ನಾನೊಬ್ಬನೇ ಅಲ್ಲ ಅಂತ ಸಣ್ಣ ಸಮಾಧಾನ.

ಇನ್ನೊಂದು ದೊಡ್ಡ ಚಿತ್ರದಲ್ಲಿ, ಅಂಚಿನಿಂದ ನಾಲ್ಕೈದು ಸೆಂಟಿಮೀಟರ್ ಒಳಗೆ, ನಾಲ್ಕೂ ಕಡೆ ಒಂದು ಮಸುಕಾದ ಗೆರೆ. ಬಣ್ಣದ ಗೆರೆಯಲ್ಲ. ಹಿಂದಿರುವ ಮರದ ಒಳ ಅಂಚು ಬಟ್ಟೆಗೆ ತಾಕಿ ತಾಕಿ ಮುಂದೆ ಮೂಡಿದ್ದು. ಬೆಳಕು ಪಕ್ಕದಿಂದ ಬಿದ್ದರೆ ಮಾತ್ರ ಕಾಣುತ್ತದೆ. ಕ್ಯಾನ್ವಾಸ್ ಎಳೆಯುವ ಮರದ ಮುಂಭಾಗವನ್ನು ಒಳಕ್ಕೆ ಇಳಿಜಾರಾಗಿ ಕೀಸಿರಬೇಕು. ಹೊರ ಅಂಚು ಮಾತ್ರ ಬಟ್ಟೆಗೆ ತಾಕಬೇಕು, ಉಳಿದದ್ದು ದೂರ ಇರಬೇಕು. ಇಲ್ಲಿ ಅದು ಆಗಿರಲಿಲ್ಲ. ಮನೆಗೆ ಬಂದು ಟಾರ್ಚ್ ಹಿಡಿದು ನೋಡಿದರೆ, ನನ್ನದರಲ್ಲೂ ಮೇಲಿನ ಪಟ್ಟಿಯ ಉದ್ದಕ್ಕೂ ಗೆರೆ ಶುರುವಾಗಿತ್ತು.

ಮೂರನೆಯದು ನನಗೆ ಬಹಳ ಹಿಡಿಸಿತು. ಒಂದು ಹಳೆಯ ಚಿತ್ರದ ಕೆಳ ಅಂಚಿನಲ್ಲಿ, ಹೆಬ್ಬೆರಳಿನಷ್ಟು ಉಬ್ಬು. ಹುಳ ಹೊಕ್ಕಂತೆ. ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ಗೊತ್ತಾಯಿತು, ಅದು ಬೆಣೆ. ಬಟ್ಟೆ ಬಿಗಿಯಾಗಲಿ ಅಂತ ಮೂಲೆಯ ಕಚ್ಚಿನೊಳಗೆ ಬಡಿದಿದ್ದ ಪುಟ್ಟ ಮರದ ಬೆಣೆ ಸಡಿಲವಾಗಿ ಕಳಚಿ, ಬಟ್ಟೆ ಮತ್ತು ಕೆಳಗಿನ ಪಟ್ಟಿಯ ನಡುವೆ ಬಿದ್ದು ಸಿಕ್ಕಿಕೊಂಡಿದೆ. ಎಷ್ಟು ವರ್ಷದಿಂದಲೋ. ಅಲ್ಲೇ ನಿರ್ಧಾರ ಮಾಡಿದೆ: ಹೊಸ ಚೌಕಟ್ಟಿನ ಬೆಣೆಗಳಿಗೆಲ್ಲ ತೂತು ಕೊರೆದು ದಾರ ಕಟ್ಟುತ್ತೇನೆ.

ಹೊಸ ಚೌಕಟ್ಟು ಅನ್ನುವುದೂ ಅಲ್ಲೇ ತೀರ್ಮಾನವಾಯಿತು ಅನ್ನಿ.

ಬಿಚ್ಚುವುದು, ಮತ್ತು ಒಂದು ಎಡವಟ್ಟು

ಅಕ್ರಿಲಿಕ್ ಬಣ್ಣ ಒಣಗಿದ ಮೇಲೂ ಪ್ಲಾಸ್ಟಿಕ್ಕೇ. ಸೆಕೆಯಲ್ಲಿ ಮೆತ್ತಗಾಗಿ ಅಂಟುತ್ತದೆ, ಚಳಿಯಲ್ಲಿ ಗಡುಸಾಗಿ ಬಿರುಕು ಬಿಡುತ್ತದೆ. ಹಾಗಾಗಿ ಕೋಣೆ ಬೆಚ್ಚಗಿರುವ ಹೊತ್ತು ನೋಡಿಕೊಂಡು ಕೆಲಸ ಶುರು ಮಾಡಿದೆ. ನೆಲಕ್ಕೆ ದಪ್ಪ ಬಟ್ಟೆ, ಅದರ ಮೇಲೆ ಸಿಲಿಕಾನ್ ಲೇಪದ ಕಾಗದ, ಅದರ ಮೇಲೆ ಚಿತ್ರವನ್ನು ಬೋರಲಾಗಿ ಮಲಗಿಸಿದೆ. ಗುಳ್ಳೆ ಪ್ಲಾಸ್ಟಿಕ್ ಮಾತ್ರ ಬೇಡವೇ ಬೇಡ. ಅದರ ಗುಳ್ಳೆಗಳು ಅಕ್ರಿಲಿಕ್ ಮೇಲೆ ಉರುಟು ಗುರುತು ಬಿಡುತ್ತವೆ, ಆಮೇಲೆ ಹೋಗುವುದಿಲ್ಲ. ಇದನ್ನು ಹಿಂದೊಮ್ಮೆ ಬೇರೆ ಚಿತ್ರದಲ್ಲಿ ಕಲಿತಿದ್ದೆ.

ಐದು ಸೆಂಟಿಮೀಟರಿಗೊಂದರಂತೆ 130 ಚಿಲ್ಲರೆ ಸ್ಟೇಪಲ್‌ಗಳು. ಒಂದು ಬದಿಯದನ್ನೆಲ್ಲ ಒಮ್ಮೆಲೇ ಕೀಳಬಾರದು, ಎದುರು ಬದಿಯ ಎಳೆತಕ್ಕೆ ಬಟ್ಟೆ ಒಂದೇ ಕಡೆ ಹೋಗುತ್ತದೆ. ಇಲ್ಲೊಂದು, ಎದುರು ಒಂದು, ಹೀಗೆ ಕಿತ್ತೆ. ಸುಮಾರು ತೊಂಬತ್ತನೆಯದಕ್ಕೆ ಬಂದಾಗ ತಾಳ್ಮೆ ಕಡಿಮೆಯಾಗಿತ್ತು. ಸ್ಟೇಪಲ್ ಎತ್ತುವ ಚೂಪು ಉಪಕರಣ ಜಾರಿತು. ಪಟ್ಟಿಯ ಮೇಲಿಂದ ಹಾರಿ ಬಟ್ಟೆಗೆ ನೆಟ್ಟಿತು.

ತಿರುಗಿಸಿ ನೋಡಿದೆ. ಮುಂಭಾಗದ ಕೆಳಗಿನ ಎಡ ಮೂಲೆಯ ಹತ್ತಿರ, ಅಂಚಿನಿಂದ 7 ಸೆಂಟಿಮೀಟರ್ ಒಳಗೆ, 12 ಮಿಲಿಮೀಟರ್ ಉದ್ದದ ಸೀಳು.

ಇಟಲಿಯ ಕಲಾವಿದ ಲೂಸಿಯೊ ಫೊಂಟಾನಾ 1958ರಿಂದ ಬೇಕಂತಲೇ ಕ್ಯಾನ್ವಾಸ್ ಸೀಳಿದ. ಸೀಳಿನ ಹಿಂದೆ ಕಪ್ಪು ಜಾಳಿಗೆ ಬಟ್ಟೆ ಅಂಟಿಸಿ, ಅದರೊಳಗೆ ಕತ್ತಲು ಕಾಣುವ ಹಾಗೆ ಮಾಡಿದ. ಅವನ ಗೆರೆ ಒಂದೇ ಬೀಸಿಗೆ ಬಂದದ್ದು. ನನ್ನದು ಬರೀ ಕೈ ಜಾರಿದ್ದು. ಉಪಕರಣ ಕೆಳಗಿಟ್ಟು ಬಾಗಿಲು ಹಾಕಿಕೊಂಡು ಹೊರಗೆ ಹೋದೆ. ಆ ದಿನ ಮತ್ತೆ ಒಳಗೆ ಬರಲಿಲ್ಲ.

ಮಾರನೆಯ ದಿನ ಉಳಿದ ಸ್ಟೇಪಲ್ ಕಿತ್ತು, ಬಟ್ಟೆ ಎತ್ತಿಟ್ಟು, ಬರಿಯ ಚೌಕಟ್ಟನ್ನು ನೆಲದ ಮೇಲೆ ಅಳೆದೆ. ಎದ್ದ ಮೂಲೆ ಈಗ 22 ಅಲ್ಲ, 9 ಮಿಲಿಮೀಟರ್. ಈ ಒಂದು ಸಂಖ್ಯೆ ಎಲ್ಲ ಹೇಳಿತು. 9 ಮಿಲಿಮೀಟರ್ ಮರದ ತಪ್ಪು. ಮಿಕ್ಕ 13 ಬಟ್ಟೆಯ ಎಳೆತ. ಅಂದರೆ ನನ್ನ ತಪ್ಪು.

ಮರದ್ದು ಸುಲಭವಾಗಿ ಸಿಕ್ಕಿತು. ಬಲಗಡೆಯ ಉದ್ದ ಪಟ್ಟಿಯಲ್ಲಿ ಒಂದು ಗಂಟು, ಅದರ ಸುತ್ತ ನಾರು ಓರೆಯಾಗಿ ಸುತ್ತಿಕೊಂಡು ಹೋಗಿತ್ತು. ಅಂಥ ಮರ ಒಣಗುತ್ತಾ ತಿರುಚಿಕೊಳ್ಳುತ್ತದೆ. ಪಟ್ಟಿಗಳು ಬರೀ 2 ಸೆಂಟಿಮೀಟರ್ ದಪ್ಪ, 4.5 ಅಗಲ. ಉದ್ದ ಒಂದು ಮೀಟರ್ ದಾಟಿದರೆ ನಡುವೆ ಅಡ್ಡಪಟ್ಟಿ ಬೇಕು, ನಾನು ಹಾಕಿರಲಿಲ್ಲ. ಮೂಲೆಗಳನ್ನು ಗಟ್ಟಿ ಅಂಟು ಹಾಕಿ ಕೂಡಿಸಿಬಿಟ್ಟಿದ್ದೆ, ಬೆಣೆಗೆ ಜಾಗವೇ ಇಲ್ಲ.

ಎಳೆತದ ಕಥೆ ಬೇರೆ. ಈ ಚಿತ್ರದಲ್ಲಿ ನಾನು ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳಲೇಪ) ಹಾಕದ ಬರಿಯ ಬಟ್ಟೆಯ ಮೇಲೆ ನೀರು ಬೆರೆಸಿ ತೆಳು ಮಾಡಿದ ಅಕ್ರಿಲಿಕ್ ಹೊಯ್ದು ಹೀರಿಸುತ್ತಿದ್ದೆ. ಅಮೆರಿಕದ ಕಲಾವಿದೆ ಹೆಲನ್ ಫ್ರಾಂಕೆಂಥಾಲರ್ 1952ರಲ್ಲಿ 'ಮೌಂಟನ್ಸ್ ಅಂಡ್ ಸೀ' ಚಿತ್ರ ಮಾಡಿದ ಕ್ರಮ ಇದೇ, ಆದರೆ ಆಕೆ ಬಳಸಿದ್ದು ತೆಳು ಮಾಡಿದ ಎಣ್ಣೆಬಣ್ಣ. ಬರಿಯ ಬಟ್ಟೆಗೆ ಎಣ್ಣೆ ಸೋಕಿದರೆ ನಾರು ಕಾಲಕ್ರಮದಲ್ಲಿ ಹಾಳಾಗುತ್ತದೆ, ಬಣ್ಣದ ಸುತ್ತ ಎಣ್ಣೆಯ ಕಲೆ ಹರಡುತ್ತದೆ. ಅಕ್ರಿಲಿಕ್‌ಗೆ ಆ ತೊಂದರೆ ಇಲ್ಲ ಅಂತ ನಾನು ಜಾಣನ ಹಾಗೆ ಇದ್ದೆ. ಮರೆತದ್ದು ಇನ್ನೊಂದನ್ನು. ಆಕೆ ಬಟ್ಟೆಯನ್ನು ನೆಲಕ್ಕೆ ಹಾಸಿ ಬಣ್ಣ ಹೊಯ್ದಳು. ನಾನು ಚೌಕಟ್ಟಿಗೆ ಬಿಗಿದ ಮೇಲೆ ಹೊಯ್ದೆ. ಹತ್ತಿ ಬಟ್ಟೆ ನೀರು ಕುಡಿದಾಗಲೆಲ್ಲ ಕುಗ್ಗುತ್ತದೆ. ನಾಲ್ಕು ತಿಂಗಳಲ್ಲಿ ಎಷ್ಟು ಸಲ ನೆನೆಸಿದ್ದೆನೋ, ಅಷ್ಟು ಸಲವೂ ಅದು ಆ ತೆಳು ಪಟ್ಟಿಗಳನ್ನು ಎಳೆದಿದೆ. ಸಾಲದ್ದಕ್ಕೆ, ಮೊದಲ ಸಲ ಬಿಗಿಯುವಾಗ ಒಂದು ಮೂಲೆಯಿಂದ ಶುರು ಮಾಡಿ ಪ್ರದಕ್ಷಿಣೆ ಹಾಕಿದಂತೆ ಸುತ್ತ ಹೊಡೆದುಕೊಂಡು ಬಂದಿದ್ದೆ. ಹಿಂಭಾಗದಲ್ಲಿ ನೇಯ್ಗೆ ನೋಡಿದರೆ ಸಾಕು, ಎಳೆಗಳೆಲ್ಲ ಒಂದೇ ಕಡೆ ವಾಲಿದ್ದವು.

ಮರದ ಕೆಲಸ

ಹೊಸ ಪಟ್ಟಿಗಳು 3.5 ಸೆಂಟಿಮೀಟರ್ ದಪ್ಪ, 6 ಅಗಲ. ಗಂಟಿಲ್ಲದ ಪೈನ್. ಕೊಯ್ಯುವ ಮೊದಲು ಹತ್ತು ದಿನ ಸ್ಟುಡಿಯೋದಲ್ಲೇ, ನಡುವೆ ಚಿಕ್ಕ ತುಂಡುಗಳಿಟ್ಟು ಗಾಳಿಯಾಡುವಂತೆ ಪೇರಿಸಿದೆ. ಅವಸರವಿತ್ತು ನಿಜ. ಆದರೂ ಮರ ಇರುವ ಕೋಣೆಯ ತೇವಕ್ಕೆ ಹೊಂದಿಕೊಳ್ಳಲಿ ಅಂತ ಬಿಟ್ಟೆ. ಹತ್ತು ದಿನದ ನಂತರ ಒಂದೊಂದನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿದೆ. ಏಳರಲ್ಲಿ ಒಂದು ಬಾಗಿತ್ತು, ಪಕ್ಕಕ್ಕಿಟ್ಟೆ.

ಮುಂಭಾಗವನ್ನು ಕೀಸುಳಿಯಲ್ಲಿ ಒಳಕ್ಕೆ ಇಳಿಜಾರು ಮಾಡಿದೆ, ಹೊರ ಅಂಚಿನಿಂದ ಒಳ ಅಂಚಿಗೆ 6 ಮಿಲಿಮೀಟರ್ ತಗ್ಗು. ಹೊರ ಅಂಚನ್ನು ಉಪ್ಪು ಕಾಗದದಲ್ಲಿ ಉಜ್ಜಿ ಸ್ವಲ್ಪ ಗುಂಡಗೆ ಮಾಡಿದೆ. ಚೂಪಾಗಿ ಬಿಟ್ಟರೆ ಬಟ್ಟೆ ಅಲ್ಲೇ ಸವೆದು ಹರಿಯುತ್ತದೆ. ಮೂಲೆಗಳಿಗೆ ನಾಲಗೆ-ಸೀಳು ಕಚ್ಚು, ಅಂದರೆ ಒಂದು ಪಟ್ಟಿಯ ನಾಲಗೆ ಇನ್ನೊಂದರ ಸೀಳಿನೊಳಗೆ ಕೂರುವಂಥದ್ದು, ಅಂಟಿಲ್ಲದೆ. ಒಂದು ಮೂಲೆಗೆ ಎರಡು ಬೆಣೆ, ಒಟ್ಟು ಎಂಟು. ನಡುವೆ ಉದ್ದಕ್ಕೊಂದು, ಅಗಲಕ್ಕೊಂದು ಅಡ್ಡಪಟ್ಟಿ. ಅವು ಒಂದನ್ನೊಂದು ದಾಟುವ ಕಡೆ ಎರಡರಲ್ಲೂ ಅರ್ಧರ್ಧ ಕೊಯ್ದು ಕೂರಿಸಿದೆ. ಅಡ್ಡಪಟ್ಟಿಗಳನ್ನು ಹಿಂದಕ್ಕೆ ತಳ್ಳಿ ಕೂರಿಸಬೇಕು, ಇಲ್ಲದಿದ್ದರೆ ಅವೂ ಬಟ್ಟೆಗೆ ತಾಕಿ ಶಿಲುಬೆ ಆಕಾರದ ಗೆರೆ ಮೂಡಿಸುತ್ತವೆ.

ಮೊದಲ ಕಚ್ಚು ಸಡಿಲವಾಯಿತು. ಎರಡನೆಯದು ಬಿಗಿಯಾಗಿ ಮರ ಸೀಳಿತು. ಮೂರನೆಯದರಿಂದ ಕೈ ಕೂತಿತು. ಹಾಳಾದ ಆ ಎರಡನ್ನೂ ಮತ್ತೆ ಮಾಡಿದೆ, ಅದರಲ್ಲಿ ಎರಡು ದಿನ ಹೋಯಿತು.

ಹೊರ ಅಳತೆಯನ್ನು ಹಳೆಯದಕ್ಕಿಂತ ಎರಡು ಮಿಲಿಮೀಟರ್ ಚಿಕ್ಕದು ಮಾಡಿದೆ. ಬೆಣೆ ಬಡಿದಾಗ ಮೂಲೆ ಬಿಡಿಸಿಕೊಂಡು ಸರಿಯಾಗಿ ಹಳೆಯ ಮಡಿಕೆಗೆ ಬಂದು ನಿಲ್ಲಲಿ ಅಂತ. ಜೋಡಿಸಿ ದಾರ ಕಟ್ಟಿ ನೋಡಿದೆ. ಎರಡು ದಾರ ನಡುವೆ ಮುತ್ತಿಟ್ಟವು.

ತೂಕ ನೋಡಿ ಸ್ವಲ್ಪ ದಿಗಿಲಾಯಿತು. ಹಳೆಯದು ಸುಮಾರು 3 ಕಿಲೋ, ಇದು ಹತ್ತಿರ ಹತ್ತಿರ 10. ಅಮೆರಿಕದ ಕಲಾವಿದೆ ಆಗ್ನೆಸ್ ಮಾರ್ಟಿನ್ ದಶಕಗಳ ಕಾಲ ಆರು ಅಡಿ ಚೌಕದ ಕ್ಯಾನ್ವಾಸ್ ಮೇಲೆ ಕೆಲಸ ಮಾಡಿ, ವಯಸ್ಸಾದ ಮೇಲೆ ಐದು ಅಡಿಗೆ ಇಳಿದಳು. ತಾನೇ ಎತ್ತಿ ಆಡಿಸಬೇಕಲ್ಲ, ಅದಕ್ಕೆ. ಬಾಗಿಲಿನಲ್ಲಿ ಈ ಚೌಕಟ್ಟನ್ನು ಓರೆ ಮಾಡಿ ತೂರಿಸುವಾಗ ನನಗೆ ಅದು ನೆನಪಾಯಿತು.

ಸೀಳಿಗೆ ತೇಪೆ

ಇದನ್ನು ಒದ್ದೆ ಅಂಟಿನಲ್ಲಿ ಮಾಡುವ ಹಾಗಿರಲಿಲ್ಲ. ಬಟ್ಟೆಗೆ ಜೆಸ್ಸೊ ಇಲ್ಲ, ಹಿಂದೆ ಹಚ್ಚಿದ್ದು ಮುಂದಕ್ಕೆ ಹೀರಿ ಕಲೆಯಾಗುತ್ತದೆ. ಸಣ್ಣ ತಗ್ಗು ಬಿದ್ದರೆ ಹಿಂಬದಿಗೆ ನೀರು ಚಿಮುಕಿಸಿ ಬಟ್ಟೆ ಕುಗ್ಗಿಸುವ ಹಳೆಯ ಉಪಾಯವೂ ಇಂಥ ಚಿತ್ರಕ್ಕೆ ವಿಷ, ನೀರು ನಿಂತ ಅಂಚು ಗೆರೆಯಾಗಿ ಉಳಿಯುತ್ತದೆ.

ಕಲಾಕೃತಿ ದುರಸ್ತಿ ಮಾಡುವವರು ಬಳಸುವ ಬೇವಾ 371 ಅನ್ನುವ ಒಣ ಅಂಟಿನ ಹಾಳೆ ತಂದೆ. ಸುಮಾರು 65 ಡಿಗ್ರಿ ಸೆಲ್ಸಿಯಸ್ ಕಾವಿಗೆ ಕರಗಿ ಹಿಡಿಯುತ್ತದೆ, ನೀರಿನಂತೆ ಹರಿಯುವುದಿಲ್ಲ. ಮೊದಲು ಸೀಳಿನ ಎಳೆಗಳನ್ನು ಸೂಜಿ ತುದಿಯಲ್ಲಿ ಒಂದೊಂದಾಗಿ ಎದುರುಬದುರು ತಂದೆ. ಹಾಸಿನ ಎಳೆಗಳು ಕಡಿದಿದ್ದವು, ಹೊಕ್ಕು ಬಹುಪಾಲು ಉಳಿದಿತ್ತು. ಭೂತಗನ್ನಡಿ ಹಿಡಿದು ಒಂದೂವರೆ ಗಂಟೆ. ಆಮೇಲೆ ತೆಳು ಲಿನನ್ ತುಂಡು, ಮೂರು ಸೆಂಟಿಮೀಟರ್ ಚೌಕ. ಅದರ ನಾಲ್ಕೂ ಅಂಚಿನ ಎಳೆ ಬಿಡಿಸಿ ಕುಚ್ಚಿನಂತೆ ಮಾಡಿದೆ. ಕತ್ತರಿಸಿದ ನೇರ ಅಂಚನ್ನು ಹಾಗೇ ಅಂಟಿಸಿದರೆ ವರ್ಷಗಳ ನಂತರ ತೇಪೆಯ ಚೌಕ ಮುಂಭಾಗದಲ್ಲಿ ಮೂಡುತ್ತದೆ. ಮೇಲೆ ಸಿಲಿಕಾನ್ ಕಾಗದ ಇಟ್ಟು, ಶಾಖ ಹಿಡಿತದಲ್ಲಿಡುವ ಪುಟ್ಟ ಇಸ್ತ್ರಿಯಿಂದ ಒತ್ತಿ, ತಣಿಯುವವರೆಗೆ ತೂಕ ಹೇರಿದೆ.

ಮುಂದೆ ಕಾಣುತ್ತದಾ? ಎಲ್ಲಿದೆ ಅಂತ ಗೊತ್ತಿದ್ದರೆ ಕಾಣುತ್ತದೆ. ಬಣ್ಣ ಮುಟ್ಟಿಸಿ ಮುಚ್ಚೋಣ ಅನ್ನಿಸಿತು. ಹೀರಿದ ಬಣ್ಣದ ಮೇಲೆ ಹೊಸ ಬಣ್ಣ ಕೂತರೆ ಅಷ್ಟು ಜಾಗ ಮಿನುಗುತ್ತದೆ, ಸೀಳಿಗಿಂತ ಜಾಸ್ತಿ ಕಣ್ಣಿಗೆ ಬೀಳುತ್ತದೆ. ಬಿಟ್ಟೆ.

ಮತ್ತೆ ಬಿಗಿಯುವುದು

ಈ ಸಲ ನಡುವಿನಿಂದ. ಮೇಲೆ ನಡುವೆ ಎರಡು ಸ್ಟೇಪಲ್, ಎದುರು ಕೆಳಗೆ ಎರಡು. ಎಡ ನಡುವೆ, ಬಲ ನಡುವೆ. ಆಮೇಲೆ ಪ್ರತಿ ಬದಿಯಲ್ಲೂ ನಡುವಿನಿಂದ ಆಚೆ ಈಚೆ ಒಂದೊಂದು, ಯಾವಾಗಲೂ ಎದುರು ಬದಿಯೊಂದಿಗೆ ಜೋಡಿಯಾಗಿ. ಮೂಲೆಗಳು ಕೊನೆಗೆ. ತುಕ್ಕು ಹಿಡಿಯದ ಸ್ಟೀಲ್ ಸ್ಟೇಪಲ್.

ಅಗಲ ಬಾಯಿಯ ಕ್ಯಾನ್ವಾಸ್ ಇಕ್ಕಳ ಕೈಯಲ್ಲಿದ್ದರೆ ಎಳೆದುಬಿಡುವ ಆಸೆ ಬರುತ್ತದೆ. ಡೋಲಿನಂತೆ ಬಾರಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಬರಿಯ ಬಟ್ಟೆಗೆ ಅದು ಸರಿ ಇರಬಹುದು. ಬಣ್ಣ ಹೊತ್ತ ಬಟ್ಟೆಗೆ ಸುಕ್ಕು ಹೋಗುವಷ್ಟು ಸಾಕು, ಉಳಿದ ಬಿಗಿ ಬೆಣೆ ಕೊಡಲಿ. ನಾಲ್ಕಾರು ಸ್ಟೇಪಲ್ ಹೊಡೆಯುವುದು, ಎದ್ದು ಮುಂದೆ ಹೋಗಿ ನೇಯ್ಗೆ ನೇರ ಇದೆಯಾ ನೋಡುವುದು, ಮತ್ತೆ ಬಗ್ಗುವುದು. ಮಧ್ಯಾಹ್ನ ಪೂರ್ತಿ ಹೋಯಿತು. ಸೊಂಟವೂ ಹೋಯಿತು.

ಒಂದನ್ನು ನಾನು ಲೆಕ್ಕ ಹಾಕಿರಲಿಲ್ಲ. ಹೊಸ ಪಟ್ಟಿ ಒಂದೂವರೆ ಸೆಂಟಿಮೀಟರ್ ಜಾಸ್ತಿ ದಪ್ಪ. ಮೊದಲು ಹಿಂದೆ ಅಡಗಿದ್ದ ಅಷ್ಟು ಬಟ್ಟೆ ಈಗ ಪಕ್ಕೆಗೆ ಬಂತು. ಹಳೆಯ ಮಡಿಕೆಯ ಗುರುತು, ಬಣ್ಣ ಇಳಿದ ಸೋರುಗೆರೆ, ಅದರಾಚೆ ಬರಿಯ ಬಟ್ಟೆಯ ಪಟ್ಟಿ. ಕೊಳಕು ಅನ್ನಿಸಿತು.

ಹಾಗಾಗಿ ಇನ್ನೊಂದು ಗ್ಯಾಲರಿ ಸುತ್ತು. ಈ ಸಲ ಪಕ್ಕೆಗೆ ಏನು ಮಾಡಿದ್ದಾರೆ ಅನ್ನುವುದಷ್ಟೇ ಪ್ರಶ್ನೆ. ಕೆಲವರು ಬಣ್ಣವನ್ನು ಪಕ್ಕೆಗೂ ಸುತ್ತಿಸಿದ್ದರು. ಕೆಲವರು ಟೇಪ್ ಹಚ್ಚಿ ಅಚ್ಚ ಬಿಳಿ ಹೊಡೆದಿದ್ದರು, ಅದು ನನಗೆ ಇಸ್ತ್ರಿ ಮಾಡಿದ ಕಾಲರ್ ಹಾಗೆ ಕಂಡಿತು. ಸೋರಿದ್ದನ್ನು ಸೋರಿದಂತೆ ಬಿಟ್ಟವರ ಮುಂದೆ ನಾನು ಜಾಸ್ತಿ ಹೊತ್ತು ನಿಂತೆ. ಅಮೆರಿಕದ ಕಲಾವಿದ ರಾಬರ್ಟ್ ರೈಮನ್ ಅಂತೂ ಚಿತ್ರವನ್ನು ಗೋಡೆಗೆ ಹಿಡಿಸುವ ಲೋಹದ ಪಟ್ಟಿ, ಬೋಲ್ಟ್‌ಗಳನ್ನೇ ಮುಂದೆ ಕಾಣುವಂತೆ ಇಟ್ಟು ಅವೂ ಚಿತ್ರವೇ ಅಂದ. ಅಷ್ಟು ಧೈರ್ಯ ನನಗಿಲ್ಲ. ಆದರೆ ಪಕ್ಕೆಯ ಸೋರುಗೆರೆಗಳನ್ನು ಮುಚ್ಚುವ ಯೋಚನೆ ಮಾತ್ರ ದಾರಿಯಲ್ಲೇ ಬಿಟ್ಟುಬಂದೆ. ಯಾವ ಬಣ್ಣ ಮೊದಲು ಹೊಯ್ದದ್ದು ಅನ್ನುವುದು ಅಲ್ಲಿ ನೋಡಿದರೇ ಗೊತ್ತಾಗುತ್ತದೆ.

ಬೆಣೆಗಳನ್ನು ಪುಟ್ಟ ಸುತ್ತಿಗೆಯಲ್ಲಿ, ಹಿಂದೆ ರಟ್ಟು ತೂರಿಸಿ, ಎರಡೆರಡು ಏಟಿನಂತೆ ಸರದಿಯಲ್ಲಿ ಬಡಿದೆ. ಪ್ರತಿಯೊಂದಕ್ಕೂ ದಾರ. ಕೆಳಗಿನಿಂದ ನೋಡಿದವರಿಗೆ ತಾಯಿತ ಕಟ್ಟಿದ ಹಾಗೆ ಕಾಣಬಹುದು, ಕಾಣಲಿ. ಹಿಂದೆ ತೆಳು ಹಲಗೆ ಮುಚ್ಚಿ ಸ್ಕ್ರೂ ಹಾಕಿದೆ. ತೂಗುಬಳೆಗಳು ಮೇಲಿನಿಂದ ಕಾಲು ಭಾಗ ಕೆಳಗೆ.

ಗೋಡೆಗೆ

ಪ್ರದರ್ಶನದಲ್ಲಿ ಎಲ್ಲ ಚಿತ್ರಗಳ ನಡುಬಿಂದು ನೆಲದಿಂದ 150 ಸೆಂಟಿಮೀಟರ್. ನನ್ನದರ ತಳ 60ಕ್ಕೆ ಬಂತು. ನೇತು ಹಾಕಿದ ತಕ್ಷಣ ಎಲ್ಲರೂ ಹಿಂದೆ ಸರಿದು ನೋಡಿದರು, ನಾನು ಕೆನ್ನೆ ಗೋಡೆಗೆ ತಂದೆ. ಕೆಳಗೆ ನೆರಳು ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ. ನಾಲ್ಕನೇ ಮೂಲೆ ಗೋಡೆಯಲ್ಲಿ ಕೂತಿತ್ತು.

ಹನ್ನೆರಡನೇ ದಿನ ಹೋದಾಗ ಮೇಲಿನ ಎಡ ಮೂಲೆಯಲ್ಲಿ ಸಣ್ಣ ಅಲೆ. ಗಾಳಿಯಲ್ಲಿ ತೇವ ಏರಿಳಿದರೆ ಬಟ್ಟೆ ಹೀಗೆ ಮಾಡುತ್ತದೆ. ಗ್ಯಾಲರಿಯವರನ್ನು ಕೇಳಿ ಇಳಿಸಿ, ಹಿಂದಿನ ಹಲಗೆ ಬಿಚ್ಚಿ, ಆ ಮೂಲೆಯ ಎರಡು ಬೆಣೆಗೆ ಒಂದೊಂದೇ ಏಟು ಕೊಟ್ಟೆ. ಅಲೆ ಹೋಯಿತು. ಹಲಗೆ ಮುಚ್ಚುವ ಮೊದಲು ಅಡ್ಡಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದೆ: ಚೌಕಟ್ಟು ಬದಲಿಸಿದೆ. ಮುಂದಿನಿಂದ ನೋಡಿದರೆ ಕೆಳಗಿನ ಎಡಕ್ಕೆ ತೇಪೆ ಇದೆ, ಬೇವಾ ಮತ್ತು ಲಿನನ್, ಕಾವಿಗೆ ಬಿಡುತ್ತದೆ. ನೀರು ಮುಟ್ಟಿಸಬೇಡಿ. ಬೆಣೆಗೆ ಇನ್ನೂ ನಾಲ್ಕು ಮಿಲಿಮೀಟರ್ ಜಾಗ ಉಳಿದಿದೆ.